ಗಂಜಿ ಹಚ್ಚಿದ ಪಾತರಗಿತ್ತಿ

ನಮ್ಮ ಮನೆಯಾಕೆ ಸೀರೆಯ ಟ್ರಂಕು ತೆಗೆದಳೆಂದರೆ ನಾನು ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂಡುತ್ತೇನೆ. ಮುಚ್ಚಳ ಎತ್ತಿದ ಕೂಡಲೇ ಡಾಂಬರ ಗುಳಿಗೆಯ ವಾಸನೆ ಪಡಸಾಲೆಗೂ ಬರುತ್ತದೆ. ಉಳಿದವರಿಗೆ ಆ ವಾಸನೆಯಿಂದ ಮದುವೆ, ಬಸುರಿಯ ಕುಪ್ಪಸದ ಕಾರ್ಯ, ದೀಪಾವಳಿ ನೆನಪಾಗುತ್ತವಂತೆ. ನನಗೆ ನರಗುಂದದ ಸಂಗಪ್ಪ ನೆನಪಾಗುತ್ತಾನೆ. ಆತ ನೆನಪಾದನೆಂದರೆ ಮುಗಿಯಿತು, ಆವತ್ತಿನ ಊಟ ನನಗೆ ಮೈಗೆ ಹತ್ತುವುದಿಲ್ಲ.

"ಇಷ್ಟು ವಯಸ್ಸಾತು, ಇನ್ನೂ ಅವರ ಮ್ಯಾಲಿನ ಹೊಟ್ಟಿಕಿಚ್ಚು ಹೋಗಿಲ್ಲೇನ್ರಿ?" ಎಂದು ಆಕೆ ಒಳಗಿನಿಂದ ಕೇಳುತ್ತಾಳೆ.

"ಹೋಗಿಲ್ಲ" ಅನ್ನುತ್ತೇನೆ. ಸುಳ್ಳು ಯಾಕೆ ಹೇಳಬೇಕು?

ಹೊಟ್ಟೆಕಿಚ್ಚಿನ ಬಗ್ಗೆ ಜನ ಹಗುರಾಗಿ ಮಾತಾಡುತ್ತಾರೆ. ನಾನು ಅದನ್ನು ಚಿಕ್ಕಂದಿನಿಂದ ಜೋಪಾನವಾಗಿ ಸಾಕಿಕೊಂಡು ಬಂದವನು. ಗಜೇಂದ್ರಗಡದ ನಮ್ಮ ನೇಕಾರರ ಓಣಿಯಲ್ಲಿ ಎದುರು ಮನೆಯ ಹುಡುಗನ ಜೀರಂಗಿ ನನ್ನ ಜೀರಂಗಿಗಿಂತ ಹೆಚ್ಚು ಹಸಿರಾಗಿದೆ ಎಂದು ಊಟ ಬಿಟ್ಟು ಮಲಗಿದವನು ನಾನು. ಜೀರಂಗಿ ಗೊತ್ತಲ್ಲ ನಿಮಗೆ? ಮಳೆಗಾಲದಲ್ಲಿ ಜಾಲಿಗಿಡದ ಮೇಲೆ ಕೂಡುವ, ಮೈಯೆಲ್ಲ ಫಳಫಳ ಹೊಳೆಯುವ ಹುಳ. ಬೇರೆ ಓಣಿಯ ಹುಡುಗರು ಅದರ ಕೊರಳಿಗೆ ಯಾವುದೋ ಹರಕು ದಾರ ಕಟ್ಟಿ ಹಾರಿಸಿದರೆ, ನಾವು ಮಗ್ಗದ ಕೆಳಗೆ ಬಿದ್ದ ರೇಷ್ಮೆ ಎಳೆ ಕಟ್ಟಿ ಹಾರಿಸುತ್ತಿದ್ದೆವು. ಅಪ್ಪ ನೋಡಿದರೆ ಬೆನ್ನು ಮೆತ್ತಗಾಗುತ್ತಿತ್ತು, ಆ ಮಾತು ಬೇರೆ. ರಾತ್ರಿ ಬೆಂಕಿಪೆಟ್ಟಿಗೆಯಲ್ಲಿ ಜಾಲಿ ಸೊಪ್ಪು ಹಾಸಿ ಅದನ್ನು ಮಲಗಿಸುವುದು. ಅದು ತತ್ತಿ ಇಟ್ಟರೆ ಮರುದಿನ ಆ ಹುಡುಗನ ಗತ್ತು ನೋಡಬೇಕು, ಸ್ವತಃ ತಾನೇ ಇಟ್ಟವನ ಹಾಗೆ ತಿರುಗುತ್ತಿದ್ದ. ನನ್ನ ಜೀರಂಗಿಗಳು ಯಾಕೋ ತತ್ತಿ ಇಡುತ್ತಿರಲಿಲ್ಲ. ಅಲ್ಲಿಂದಲೇ ಶುರುವಾಯಿತು ನೋಡಿ.

ಹೈಸ್ಕೂಲಿಗೆಂದು ರೋಣಕ್ಕೆ ಹೋದಾಗ ಖೋಲಿಯಲ್ಲಿ ನನಗೆ ಜೊತೆಯಾದವನೇ ಸಂಗಪ್ಪ. ನಮ್ಮೆಲ್ಲರ ಬಾಯಲ್ಲಿ ಸಂಗ್ಯಾ. ಅವರಪ್ಪನದು ನರಗುಂದದ ಪೇಟೆಯಲ್ಲಿ ಕಾಳಿನ ಅಡತಿ ಅಂಗಡಿ. ಚೀಲಗಳ ಮೇಲೆ ಆಡಿ ಬೆಳೆದ ಮೈ, ಉಂಡು ಉಟ್ಟು ಬೆಳೆದ ಮುಖ. ನರಗುಂದದ ಬಸ್ಸಿಗೆ ಅವನ ಬುತ್ತಿ ಬರುತ್ತಿತ್ತು. ಗಂಟು ಬಿಚ್ಚಿದರೆ ತುಪ್ಪದ ವಾಸನೆ. ನನಗೆ ಗಜೇಂದ್ರಗಡದಿಂದ ಬರುತ್ತಿದ್ದುದು ಖಟಿರೊಟ್ಟಿ, ಶೇಂಗಾ ಹಿಂಡಿ. ಸಂಗ್ಯಾ ತನ್ನ ಬುತ್ತಿಯಲ್ಲಿ ನನಗೂ ಪಾಲು ಕೊಡುತ್ತಿದ್ದ. ಕೊಡದೆ ಇದ್ದಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಮನಸ್ಸು ಬಿಚ್ಚಿ ಬೈಯುವುದಕ್ಕೂ ಜಾಗ ಕೊಡದ ಮನುಷ್ಯ ಅವನು. ಅವನು ಮಲಗುವುದನ್ನು ನೋಡಿದರೂ ನನಗೆ ಸಂಕಟ. ತಲೆ ದಿಂಬಿಗೆ ತಾಗುವುದೇ ತಡ, ಗೊರಕೆ. ನಾನು ಪರೀಕ್ಷೆಯ ಚಿಂತೆಯಲ್ಲಿ ಹೊರಳಾಡುತ್ತಿದ್ದೆ. ರಿಜಲ್ಟು ಬಂದಾಗ ಇಬ್ಬರಿಗೂ ಮಾರ್ಕು ಸಮನಾಗಿ ಬಿದ್ದಿರುತ್ತಿದ್ದವು.

ಒಂದು ವರ್ಷ ಯಾವಗಲ್ ಕಡೆಯ ಹೊಲಗಳಲ್ಲಿ ಜೋಳಕ್ಕೆ ಮಿಡಚಿ ಬಿದ್ದವು. ರೆಕ್ಕೆಯಿಲ್ಲದ ಮಿಡತೆ ಅದು. ಹಾರಲು ಬಾರದು, ಕುಪ್ಪಳಿಸಿಕೊಂಡೇ ಹೊಲದಿಂದ ಹೊಲಕ್ಕೆ ಹೋಗಿ ಬೆಳೆ ಬೋಳಿಸುವುದು. ಔಷಧದ ಪುಡಿ ಹೊಡೆಸಲು ಜೀಪಿನಲ್ಲಿ ಒಬ್ಬ ಸಾಹೇಬರು ಬಂದರು. ಹೋಗುವಾಗ ನಮ್ಮ ಶಾಲೆಗೂ ಬಂದು ಒಂದು ಭಾಷಣ ಮಾಡಿದರು. ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ಹುಳದ ಶಾಸ್ತ್ರ ಓದಿದವರು ನಮ್ಮ ದೇಶದಾಗ ಭಾಳ ಕಡಿಮಿ ಅದಾರ. ಹುಳಾ ಮಾತ್ರ ಭಾಳ ಅದಾವ. ಅಂದಮ್ಯಾಲ ಈ ಶಾಸ್ತ್ರದಾಗ ಕೆಲಸಾ ಎಷ್ಟು ಐತಿ ಅನ್ನೋದು ನೀವ ವಿಚಾರ ಮಾಡ್ರಿ."

ಹಿಂದಿನ ಬೆಂಚಿನಿಂದ ಸಂಗ್ಯಾ ಎದ್ದು ನಿಂತ. "ಸಾಹೇಬ್ರ, ಹುಳಾ ನೋಡಿದ್ದಕ್ಕ ಪಗಾರಾ ಕೊಡತಾರ್ರಿ?"

ಕ್ಲಾಸೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ. "ನೋಡಿದ್ದಕ್ಕ ಅಲ್ಲಪಾ. ಬ್ಯಾರೇದವರು ನೋಡದ್ದನ್ನ ನೋಡಿದ್ದಕ್ಕ ಕೊಡತಾರ" ಅಂದರು.

ಆ ಜೀಪು, ಆ ಟೊಪ್ಪಿಗೆ ನೋಡಿ ನಾನು ಆವತ್ತೇ ನಿಶ್ಚಯ ಮಾಡಿದೆ. ಜೀರಂಗಿಯಿಂದ ಶುರುವಾದ ನನ್ನ ಜನ್ಮ ಹುಳಕ್ಕೇ ಮೀಸಲು. ಸಂಜೆ ಖೋಲಿಗೆ ಬಂದು ಇದನ್ನು ಸಂಗ್ಯಾನಿಗೆ ಹೇಳಿದರೆ, ಅವನು ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತ, "ಹಂಗಾರ ನಾನೂ ಅದನ್ನ ಓದತೀನಿ ತಗೋ" ಅಂದ. ನಾನು ವರ್ಷಗಟ್ಟಲೆ ಹುಳ ಸಾಕಿ ಗಳಿಸಿದ ಆಸೆಯನ್ನು ಅವನು ಶೇಂಗಾ ತಿನ್ನುತ್ತ ಗಳಿಸಿಬಿಟ್ಟ.

ಮನೆಯಲ್ಲಿ ಹೇಳಿದಾಗ ಅಪ್ಪ ಕುಣಿಮಗ್ಗದಿಂದ ತಲೆ ಎತ್ತಲೂ ಇಲ್ಲ. "ಹುಳಾ ನೋಡಾಕ ಧಾರವಾಡಕ್ಕ ಯಾಕ ಹೋಗಬೇಕು? ನಿನ್ನ ಹಾಸಿಗ್ಯಾಗ ತಗಣಿ ಅದಾವಲ್ಲ, ಅವನ್ನ ನೋಡು" ಅಂದ. ಅವ್ವ ಮಾತ್ರ ನನ್ನ ಪರ. "ಓದ್ಲಿ ಬಿಡ್ರಿ. ಸೀರಿ ತಿನ್ನೋ ಹುಳಕ್ಕ ಏನರ ಔಷಧಾ ಕಂಡ ಹಿಡದ್ರ ಓಣಿ ಮಂದಿ ಎಲ್ಲಾ ಕೈ ಮುಗೀತಾರ" ಅಂದಳು. ಹೀಗೆ ನಾನು, ಸಂಗ್ಯಾ ಇಬ್ಬರೂ ಧಾರವಾಡ ಸೇರಿದೆವು. ಅಲ್ಲಿಯೂ ಒಂದೇ ಖೋಲಿ. ಅಲ್ಲಿಯೂ ಅವನಿಗೆ ಗೊರಕೆ, ನನಗೆ ಚಿಂತೆ.

ಕಾಲೇಜಿನಲ್ಲಿ ಹುಳದ ಶಾಸ್ತ್ರ ಕಲಿಸುವ ಪ್ರೊಫೆಸರರು ಒಬ್ಬರಿದ್ದರು. ಬಿಳಿ ಧೋತರ, ಕರಿ ಕೋಟು, ಕೋಟಿನ ಕಿಸೆಯಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ಕಡೆಯ ವರ್ಷ ಒಂದು ದಿನ ಅವರು ನಮ್ಮನ್ನೆಲ್ಲ ಕೂಡಿಸಿ ಹೇಳಿದರು: ಪಾಸಾದವರಲ್ಲಿ ಒಬ್ಬನನ್ನು ತಾವು ಸಂಶೋಧನಾ ಸಹಾಯಕನೆಂದು ಇಟ್ಟುಕೊಳ್ಳುತ್ತಾರೆ. ಅವನು ಅವರ ಕೈಕೆಳಗೆ ದುಡಿಯುತ್ತಲೇ ಎಂ.ಎಸ್ಸಿ. ಮಾಡಬಹುದು. ಅದು ಆದರೆ ಲೆಕ್ಚರರ್. ಚಲೋ ಕೆಲಸ ಮಾಡಿದರೆ ಮುಂದೆ ದಿಲ್ಲಿಯ ಸಂಶೋಧನಾಲಯ, ಡಾಕ್ಟರೇಟು. ಉಳಿದವರಿಗೆ ತಾಲೂಕಿನಲ್ಲಿ ಬೀಜ ಹಂಚುವ, ಪುಡಿ ಹೊಡೆಸುವ ಸರ್ಕಾರಿ ನೌಕರಿ ಹೇಗೂ ಇದ್ದೇ ಇದೆ.

"ಆದ್ರ ಆ ಒಬ್ಬಾಂವ ಯಾರು ಅನ್ನೋದನ್ನ ನಾ ನಿಮ್ಮ ಹುಳದ ಪೆಟಗಿ ನೋಡಿ ಹೇಳಾಂವ" ಅಂದರು.

ನಮ್ಮ ಓದಿನಲ್ಲಿ ಪ್ರತಿಯೊಬ್ಬನೂ ಹುಳ ಹಿಡಿದು, ಒಣಗಿಸಿ, ಸಣ್ಣ ಸೂಜಿ ಚುಚ್ಚಿ ಒಂದು ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿ ಒಪ್ಪಿಸಬೇಕಾಗಿತ್ತು. ಪೆಟ್ಟಿಗೆಯ ಮೂಲೆಗೆ ಒಂದು ಡಾಂಬರ ಗುಳಿಗೆ. ಅದಿಲ್ಲದಿದ್ದರೆ ಸತ್ತ ಹುಳವನ್ನು ಜೀವಂತ ಹುಳ ತಿಂದುಬಿಡುತ್ತದೆ. ನಾನು ಆ ವರ್ಷ ಪಟ್ಟ ಪಾಡು ನನಗೆ ಗೊತ್ತು, ಗಜೇಂದ್ರಗಡದ ಗುಡ್ಡಕ್ಕೆ ಗೊತ್ತು. ಸೂಟಿ ಬಂದರೆ ಸಾಕು, ಬಲೆ ಹಿಡಿದು ಗುಡ್ಡ ಹತ್ತುವವನೇ. "ನೇಕಾರರ ಪರ್ಸ್ಯಾಗ ಗಾಳಿ ಬಡದೈತಿ" ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ. ಹಳದಿ ಪಾತರಗಿತ್ತಿ, ಕರಿ ಪಾತರಗಿತ್ತಿ, ರೆಕ್ಕೆಯ ಅಂಚಿಗೆ ನಮ್ಮ ಸೀರೆಯ ದಡಿಯ ಹಾಗೆ ಕೆಂಪು ಪಟ್ಟಿ ಇರುವ ಪಾತರಗಿತ್ತಿ, ಕೈ ಮುಗಿದು ಕೂಡುವ ಹುಳ, ಜೊತೆಗೆ ನನ್ನ ಹಳೆಯ ಗೆಳೆಯ ಜೀರಂಗಿ. ಓಣಿಯ ಬಡಿಗೇರ ಸಾಗವಾನಿಯ ಪೆಟ್ಟಿಗೆ ಮಾಡಿಕೊಟ್ಟ.

ಸಂಗ್ಯಾ ಏನು ಮಾಡಿದ? ಏನೂ ಮಾಡಲಿಲ್ಲ. ಅವರಪ್ಪನ ಅಂಗಡಿಯ ಚೀಲ ಝಾಡಿಸಿದ. ನುಸಿ, ಕಾಳಿನ ಹುಳ, ಹಿಟ್ಟಿನ ಹುಳ. ಅವನ ಪೆಟ್ಟಿಗೆಯಲ್ಲಿ ಎಳ್ಳು ಚೆಲ್ಲಿದ ಹಾಗೆ ಕಾಣುತ್ತಿತ್ತು. ಜೀವನದಲ್ಲಿ ಮೊದಲ ಸಲ ನನಗೆ ಸಂಗ್ಯಾನ ಮೇಲೆ ಕನಿಕರ ಬಂತು. ಎಂಥ ಸಿಹಿಯಾದ ಭಾವನೆ ಅದು! ಆವತ್ತು ನಾನೂ ಗೊರಕೆ ಹೊಡೆದೆನಂತೆ, ಅವನೇ ಹೇಳಿದ.

ದೀಪಾವಳಿ ಸೂಟಿಗೆ ಪೆಟ್ಟಿಗೆಯನ್ನು ಊರಿಗೆ ಒಯ್ದೆ. ಆ ವರ್ಷ ಮಳೆ ಹೋಗುವ ಮಾತೇ ಆಡಲಿಲ್ಲ. ತಂಪಿಗೆ ಪಾತರಗಿತ್ತಿಗಳ ರೆಕ್ಕೆ ಮೆತ್ತಗಾಗಿ ಜೋಲು ಬಿದ್ದವು. ನಾನು ಮುಖ ಸಣ್ಣದು ಮಾಡಿಕೊಂಡು, ಪೆಟ್ಟಿಗೆಯನ್ನು ಅವ್ವನ ವಶಕ್ಕೆ ಕೊಟ್ಟು, ಸೋದರತ್ತೆಯ ಮಗಳ ಮದುವೆಗೆ ಹೋದೆ.

ತಿರುಗಿ ಬಂದು ನೋಡಿದರೆ ಕಣ್ಣು ನಂಬಲಿಲ್ಲ. ರೆಕ್ಕೆಗಳೆಲ್ಲ ಸೆಟೆದು ನಿಂತಿದ್ದವು! ಬಣ್ಣ ಕೂಡ ಒಂದು ಕಳೆ ಏರಿತ್ತು.

"ಏನ ಮಾಡಿದಿಬೇ ಅವ್ವಾ?"

"ಏನಿಲ್ಲೋ. ಗಂಜಿ ಹಚ್ಚಿದೆ."

ನೋಡಿ, ನಮ್ಮ ಮನೆಯಲ್ಲಿ ಯಾವುದು ಜೋತು ಬಿದ್ದರೂ ಅದಕ್ಕೆ ಗಂಜಿಯೇ ಮದ್ದು. ಮಗ್ಗಕ್ಕೆ ಹೋಗುವ ಮೊದಲು ಹಾಸಿಗೆ, ಅಂದರೆ ಸೀರೆಯ ಉದ್ದದ ಎಳೆಗೆ, ಗಂಜಿ ಕುಡಿಸದಿದ್ದರೆ ಎಳೆ ನಿಲ್ಲುವುದಿಲ್ಲ, ಹರಿಯುತ್ತದೆ. ಆ ಕೆಲಸದಲ್ಲಿ ಅವ್ವನದು ಓಣಿಗೇ ಹೆಸರಾದ ಕೈ. ದೊಡ್ಡ ಕುಂಚದಿಂದ ಆಗದೆಂದು ಆಕೆ ಕೋಳಿಯ ಪುಕ್ಕ ಹುಡುಕಿ ತಂದು, ತಿಳಿಗಂಜಿಯಲ್ಲಿ ಅದ್ದಿ, ಒಂದೊಂದೇ ರೆಕ್ಕೆಗೆ ಸವರಿದ್ದಳು. ನಾನೂ ನೇಕಾರನ ಮಗನೇ ಅಲ್ಲವೇ? ಅಯ್ಯೋ ಅನ್ನುವ ಬದಲು, ಭಲೇ ಅಂದೆ. ನಮ್ಮ ಹುಳದ ಶಾಸ್ತ್ರದ ಪುಸ್ತಕ ಬರೆದ ಸಾಹೇಬರಿಗೆ ಈ ಉಪಾಯ ಹೊಳೆದಿಲ್ಲವಲ್ಲ ಎಂದು ಅವರ ಮೇಲೂ ಕನಿಕರ ಪಟ್ಟೆ.

ಆಮೇಲೆ ನೋಡಿದರೆ ಮೂಲೆಯ ಗುಳಿಗೆ ಇಲ್ಲ.

"ಗುಳಿಗಿ ಎಲ್ಲೆಬೇ?"

"ಸೀರಿ ಟ್ರಂಕಿನ್ಯಾಗ ಹಾಕೀನಿ. ಸತ್ತ ಹುಳಕ್ಕ ಹುಳದ ಗುಳಿಗಿ ಯಾಕೋ? ಸೀರೀ ಹುಳಾ ತಿಂತಾವ" ಅಂದಳು.

ಆಕೆಯ ಮುಖದ ಸಂತೋಷ ನೋಡಿ ತಿರುಗಿ ಕೇಳಲು ಮನಸ್ಸು ಬರಲಿಲ್ಲ. ಧಾರವಾಡದಲ್ಲಿ ಬೇರೆ ತಂದರಾಯಿತು ಅಂದುಕೊಂಡೆ. ಅಲ್ಲಿಗೆ ಹೋದ ಮೇಲೆ, ಮುಚ್ಚಳ ತೆಗೆದರೆ ಮತ್ತೆ ತಂಪು ಹತ್ತೀತು ಎಂದು ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಮಂಚದ ಕೆಳಗೆ ಇಟ್ಟುಬಿಟ್ಟೆ. ಗುಳಿಗೆ ತರುವುದು ಮರೆತೇ ಹೋಯಿತು. ಅದರ ಪಕ್ಕಕ್ಕೆ ಸಂಗ್ಯಾನ ಮನೆಯಿಂದ ಬಂದ ಮಾದ್ಲಿಯ ಡಬ್ಬಿ. ಗೋಧಿಯ ಆ ಸಿಹಿಪುಡಿಯನ್ನು ದಿನಾ ಇಬ್ಬರೂ ತಿನ್ನುತ್ತಿದ್ದೆವು. ಡಬ್ಬಿಯ ಮುಚ್ಚಳ ಸರಿಯಾಗಿ ಹಾಕುವ ರೂಢಿ ಸಂಗ್ಯಾನಿಗೆ ಹುಟ್ಟಿನಿಂದ ಇರಲಿಲ್ಲ.

ಸಂಕ್ರಾಂತಿ ಕಳೆದು ಪೆಟ್ಟಿಗೆ ನೋಡುವ ದಿನ ಬಂತು. ಪ್ರೊಫೆಸರರು ಮೊದಲು ಸಂಗ್ಯಾನದನ್ನು ತೆಗೆದರು.

"ಏನಪಾ ಸಂಗಪ್ಪಾ, ಮನೀ ಬಿಟ್ಟು ಹೊರಗ ಹೋಗಲೇ ಇಲ್ಲೇನು ನೀ?"

"ಹುಳಾನ ನಮ್ಮನಿಗೆ ಬರತಾವ್ರಿ ಸರ್."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಆಮೇಲೆ ನನ್ನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಗಂಟು ಬಿಚ್ಚಿ, ಗತ್ತಿನಿಂದ ಮುಚ್ಚಳ ಎತ್ತಿದೆ.

ಪೆಟ್ಟಿಗೆಯ ತುಂಬ ಸೂಜಿಗಳು. ಬರೀ ಸೂಜಿಗಳು. ಒಂದೊಂದರ ಕೆಳಗೆ ಚಿಟಿಕೆ ಧೂಳು. ಜೀರಂಗಿಯ ಹಸಿರು ಚಿಪ್ಪು ಮಾತ್ರ ಒಳಗೆ ಪೊಳ್ಳಾಗಿ ನಿಂತಿತ್ತು. ಅದರ ಹೊಟ್ಟೆಯಿಂದ ಒಂದು ಸಣ್ಣ ಕೆಂಪು ಹುಳ ಹೊರಗೆ ಬಂದು, ನಮ್ಮನ್ನೆಲ್ಲ ನೋಡಿ, ಅವಸರವಿಲ್ಲದೆ ಮತ್ತೆ ಒಳಗೆ ಹೋಯಿತು.

"ಪರಸಪ್ಪಾ, ಇದೇನಪಾ? ನಾ ಸೂಜಿ ಕೇಳಿದ್ದಿಲ್ಲಲ್ಲ" ಅಂದರು ಪ್ರೊಫೆಸರರು. "ಗುಳಿಗಿ ಎಲ್ಲಿ ಇಟ್ಟೀ?"

"ಸೀರಿ ಟ್ರಂಕಿನ್ಯಾಗ ಐತ್ರಿ" ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ.

ನಗೆ ಇನ್ನೂ ಮುಗಿದಿರಲಿಲ್ಲ, ಸಂಗ್ಯಾ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದ. ಅವನು ನಗುತ್ತಿರಲಿಲ್ಲ. "ಸರ್, ಇವು ಹಿಟ್ಟಿನ ಹುಳಾರಿ. ನಮ್ಮ ಅಂಗಡ್ಯಾಗ ದಿನಾ ನೋಡತೀನಿ. ಹಿಟ್ಟು ಬಿಟ್ಟು ಇವು ಪಾತರಗಿತ್ತಿ ತಿನ್ನಾಕ ಯಾಕ ಬಂದಾವ್ರಿ?"

ಪ್ರೊಫೆಸರರು ಮುಚ್ಚುತ್ತಿದ್ದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟರು. ಕಿಸೆಯಿಂದ ಭೂತಗನ್ನಡಿ ತೆಗೆದು ಅವನ ಕೈಗೆ ಕೊಟ್ಟರು. "ಯಾಕ ಬಂದಾವು? ನೋಡಿ ಹೇಳು."

ಆ ಭೂತಗನ್ನಡಿಯನ್ನು ಅವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದು ಅವನ ಕೈಗೆ ಹೋದಾಗಲೇ ಆ ಒಬ್ಬ ಯಾರೆಂದು ನನಗೆ ತಿಳಿಯಿತು. ಸಂಗ್ಯಾ ಬಗ್ಗಿ ನೋಡಿದ. ಉಳಿದ ಒಂದು ಚೂರು ರೆಕ್ಕೆಯನ್ನು ಬೆರಳಲ್ಲಿ ತಿಕ್ಕಿ ಮೂಸಿದ. "ಗಂಜಿ ಹಚ್ಯಾರ್ರಿ ಇದಕ್ಕ! ಮೊದಲ ಗಂಜಿಗೆ ಬಂದಾವ. ಗಂಜಿ ತೀರಿದಮ್ಯಾಲ ಇದನ್ನೂ ತಿಂದು ನೋಡ್ಯಾವ, ರುಚಿ ಹತ್ತೇತಿ. ಬಂದದ್ದು ಬಹುಶಃ ನಮ್ಮ ಮಾದ್ಲಿ ಡಬ್ಬ್ಯಾಗಿಂದ."

"ಗಂಜಿ ಹಚ್ಚಿದವರು ಯಾರು?"

"ನಾನರಿ ಸರ್" ಅಂದೆ. ಅವ್ವನ ಹೆಸರು ಆ ನಗೆಯ ನಡುವೆ ತರುವುದು ಬೇಡವಾಗಿತ್ತು.

ಸಂಜೆ ಖೋಲಿಯಲ್ಲಿ ಸಂಗ್ಯಾ ನನ್ನ ಮಂಚದ ಹತ್ತಿರ ಬಂದು ನಿಂತು, "ಪರ್ಸ್ಯಾ, ಆ ಹುಳಾ ನಾ ತಗೊಳ್ಳೇನು?" ಎಂದು ಕೇಳಿದ. ಕೇಳಿದ, ನೋಡಿ! ಕೇಳದೆ ಒಯ್ದಿದ್ದರೆ ಕಳ್ಳ ಅನ್ನಬಹುದಿತ್ತು. ನಾನು ಗೋಡೆಯ ಕಡೆ ಹೊರಳಿ, "ತಗೋ" ಅಂದೆ. ಅವನು ಅವುಗಳನ್ನು ಗಾಜಿನ ಭರಣಿಗಳಲ್ಲಿ ಸಾಕಿದ. ಒಂದಕ್ಕೆ ಗಂಜಿ ಹಚ್ಚಿದ ರೆಕ್ಕೆ, ಒಂದಕ್ಕೆ ಬರಿಯ ರೆಕ್ಕೆ, ಒಂದಕ್ಕೆ ಹಿಟ್ಟು. ಯಾವುದರಲ್ಲಿ ಎಷ್ಟು ದಿನ ಬದುಕುತ್ತವೆ, ಎಷ್ಟು ತತ್ತಿ ಇಡುತ್ತವೆ ಎಂದು ಬರೆದಿಟ್ಟ. ಪ್ರೊಫೆಸರರು ದಿನಾ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ನೋಡುವರು. ನನ್ನ ಮಂಚದ ಕೆಳಗೆ ಹುಟ್ಟಿದ ಹುಳ, ನನ್ನ ಪಾತರಗಿತ್ತಿ ಉಂಡು ಬೆಳೆದ ಹುಳ, ಅವನನ್ನು ಸಂಶೋಧನಾ ಸಹಾಯಕನನ್ನಾಗಿ ಮಾಡಿದವು. ಇದಕ್ಕೂ ಹೊಟ್ಟೆ ಉರಿಯಬಾರದೆಂದರೆ ಹೊಟ್ಟೆ ಇರುವುದಾದರೂ ಯಾತಕ್ಕೆ ಹೇಳಿ?

ನಾನು ರೋಣ ತಾಲೂಕಿನಲ್ಲಿ ಬೇಸಾಯ ಖಾತೆಯ ನೌಕರನಾದೆ. ಜೀಪು ಬರಲಿಲ್ಲ, ಸೈಕಲ್ಲು ಬಂತು. ಟೊಪ್ಪಿಗೆಯನ್ನು ನಾನೇ ಕೊಂಡೆ. ಅದನ್ನು ಹಾಕಿಕೊಂಡು ಯಾವಗಲ್ಲಿಗೆ ಹೋದ ಮೊದಲ ದಿನ ಒಂದು ಎತ್ತು ಬೆದರಿ ಕಣ್ಣಿ ಹರಿಯಿತು. ಮರುದಿನದಿಂದ ರುಮಾಲು. ಕೆಲಸದ ಮೇಲೆ ನರಗುಂದಕ್ಕೆ ಹೋದಾಗ ಸಂಗ್ಯಾನ ಅಪ್ಪನ ಅಂಗಡಿಗೆ ಹೋಗಿ ಕೂಡುತ್ತಿದ್ದೆ. ಹೋಗಬಾರದು ಅಂದುಕೊಂಡೇ ಹೋಗುತ್ತಿದ್ದೆ. ಅವರು ಚಹಾ ತರಿಸುತ್ತಿದ್ದರು. "ನಮ್ಮ ಸಂಗಪ್ಪ ಎಂ.ಎಸ್ಸಿ. ಆದ." "ಕಾಲೇಜಿನ್ಯಾಗ ಕಲಸಾಕ ಹತ್ಯಾನ." "ಈಗ ದಿಲ್ಲಿಗೆ ಕರದಾರಂತ." ಒಂದೊಂದು ಸುದ್ದಿಗೂ "ಭಾಳ ಚಲೋ ಆತ್ರಿ" ಅನ್ನುತ್ತಿದ್ದೆ. ಬಿಸಿ ಚಹಾ ಕುಡಿದು ನಾಲಿಗೆ ಸುಟ್ಟಿತು ಎಂದು ಮುಖ ಕಿವುಚಿಕೊಳ್ಳಲು ಅಲ್ಲಿ ಅನುಕೂಲವಿತ್ತು.

ಒಂದು ವಿಷಯಕ್ಕೆ ಮಾತ್ರ ನಾನು ಕಾವಲು ಕೂತಿದ್ದೆ. ಪೆಟ್ಟಿಗೆ ಏನಾಯಿತೆಂದು ಅವ್ವನಿಗೆ ಹೇಳಿರಲಿಲ್ಲ. "ಹುಳಾ ಸಾಹೇಬ್ರಿಗೆ ಸೇರಿದವೇನೋ?" ಎಂದು ಆಕೆ ಕೇಳಿದಾಗ, "ಸೇರಿದವು, ಜಾಗಾ ಒಂದ ಇತ್ತು, ಸಂಗ್ಯಾಗ ಹೋತು" ಅಂದಿದ್ದೆ. ಗಂಜಿಗೆ ಹೆಸರಾದ ಕೈ ಅದು. ಆ ಗಂಜಿಯೇ ಮಗನ ಓದು ತಿಂದಿತು ಎಂದು ತಿಳಿದರೆ ಆಕೆ ಮತ್ತೆ ಕುಂಚ ಹಿಡಿಯುತ್ತಿರಲಿಲ್ಲ.

ದಿಲ್ಲಿಗೆ ಹೋಗುವ ಮೊದಲು ಸಂಗ್ಯಾ ತನ್ನ ಮದುವೆಯ ಸೀರೆಗಳಿಗೆಂದು ಗಜೇಂದ್ರಗಡಕ್ಕೆ ಬಂದ. ಜೀಪಿನಲ್ಲಿ ಬಂದ, ಬೇರೆ ಹೇಳಬೇಕೇ? ನಾನು ಬಸ್‌ಸ್ಟ್ಯಾಂಡಿನ ಹತ್ತಿರವೇ ಅವನನ್ನು ತಡೆದು ಯಾವುದಾದರೂ ಅಂಗಡಿಗೆ ಒಯ್ಯಬೇಕೆಂದಿದ್ದೆ. ಅವನು ಕೇಳಲಿಲ್ಲ. "ಮೊದಲ ಅವ್ವನ್ನ ನೋಡೂಣು ನಡಿ" ಅಂದ.

ಬೆಳಗಿನ ಹೊತ್ತು. ಓಣಿಯ ಉದ್ದಕ್ಕೂ ಹಾಸು ಚಾಚಿದ್ದರು. ಅವ್ವ ಸೆರಗು ಸಿಗಿಸಿ, ಕುಂಚ ಹಿಡಿದು ಗಂಜಿ ಹಚ್ಚುತ್ತಿದ್ದಳು. ಮೊಣಕೈಯವರೆಗೆ ಗಂಜಿ ಒಣಗಿ ಬೆಳ್ಳಗಾಗಿತ್ತು. ಸಂಗ್ಯಾ ಕೋಟಿನ ಸಮೇತ ಬಗ್ಗಿ ಅವಳ ಕಾಲು ಮುಟ್ಟಿದ.

"ಅವ್ವಾರ, ನಿಮ್ಮ ಗಂಜಿ ಋಣಾ ನನ್ನ ಮ್ಯಾಲ ಐತ್ರಿ."

ನಾನು ಮೆಲ್ಲಗೆ ಅವ್ವನ ಬೆನ್ನ ಹಿಂದೆ ಸರಿದೆ.

"ಅಯ್ಯ ಯಪ್ಪಾ, ನಾ ಏನ ಕೊಟ್ಟೇನೋ ನಿನಗ?"

"ಪರ್ಸ್ಯಾನ ಪಾತರಗಿತ್ತಿಗೆ ನೀವು ಗಂಜಿ ಹಚ್ಚಿ ಕೊಟ್ಟಿದ್ರಲ್ಲ? ಅದನ್ನ ನೋಡಿನ ನಾ ಮೊದಲನೇ ಸಂಶೋಧನಾ ಮಾಡಿದೆ. ಅದರಿಂದನ ಎಂ.ಎಸ್ಸಿ. ಆತು, ಅದರಿಂದನ ದಿಲ್ಲೀ ನೌಕರಿ ಬಂತು."

ಗಂಜಿ ನಾನೇ ಹಚ್ಚಿದೆ ಎಂದ ನನ್ನ ಮಾತನ್ನು ಅವನು ಒಂದು ದಿನವೂ ನಂಬಿರಲಿಲ್ಲವೆಂದು ಆಗ ಗೊತ್ತಾಯಿತು. ನಾನು ಅವ್ವನ ಹಿಂದೆ ನಿಂತು, ಇನ್ನು ಸಾಕು ಎಂದು ಕೈ ಮುಗಿದೆ. ಅವನು ಅದನ್ನು ಕಂಡ. ಮುಂದಿನ ಮಾತು ನುಂಗಿಕೊಂಡ.

ಅವ್ವನ ಮುಖ ಅರಳಿತು. ಎದುರು ಮನೆಯವಳನ್ನು ಕೂಗಿ, "ಕೇಳಿದ್ಯಾ ಇಲ್ಲೇ? ನನ್ನ ಗಂಜಿ ದಿಲ್ಲೀತನಾ ಹೋಗೇತಿ!" ಅಂದಳು. ಹೆತ್ತ ಮಗ ಒಂದು ದಿನವೂ ಆಕೆಯ ಮುಖದಲ್ಲಿ ತರಲಾಗದ ಬೆಳಕನ್ನು ಆ ನರಗುಂದದವನು ಜೀಪಿನಿಂದ ಇಳಿದು ಅರೆ ಗಳಿಗೆಯಲ್ಲಿ ತಂದಿದ್ದ. ಆಮೇಲೆ ಆಕೆ ನನ್ನ ಕಡೆ ತಿರುಗಿದಳು.

"ಅಲ್ಲೋ ಪರ್ಸ್ಯಾ, ಅದ ಗಂಜಿ. ಪರರ ಮಗಗ ಇಷ್ಟು ಉಪಯೋಗ ಆತು. ನಿನಗ್ಯಾಕ ಆಗಲಿಲ್ಲೋ?"

ಇಷ್ಟು ವರ್ಷ ನುಂಗಿದ್ದೆಲ್ಲ ನಾಲಿಗೆಯ ತುದಿಗೆ ಬಂತು. ಒಂದೇ ಮಾತು ಸಾಕಿತ್ತು. ಹೇಳಿಬಿಟ್ಟಿದ್ದರೆ, ಗಂಜಿ ಇಲ್ಲದಿದ್ದರೆ ಮಗನೂ ಅವನಷ್ಟೇ ಆಗುತ್ತಿದ್ದ, ದಡ್ಡನಲ್ಲ ಎಂದು ಆಕೆಗೆ ತಿಳಿಯುತ್ತಿತ್ತು. ಆಕೆಯ ಕೈ ನೋಡಿದೆ. ಕುಂಚದಿಂದ ಗಂಜಿ ತೊಟ್ಟಿಕ್ಕುತ್ತಿತ್ತು.

"ನನ್ನ ಹುಳಾ ಚಲೋ ಇರಲಿಲ್ಲಬೇ" ಅಂದೆ.

ಅವ್ವ ಕುಂಚವನ್ನು ಮತ್ತೆ ಗಂಜಿಯಲ್ಲಿ ಅದ್ದಿ, "ಹೋಗ್ಲಿ ಬಿಡು, ಮನಸಿಗೆ ಹಚ್ಕೋಬ್ಯಾಡ" ಅಂದಳು. "ಮುಂದಿನ ಸಲ ಚಲೋವು ಹಿಡ್ಕೊಂಡ ಬಾ. ನಾ ಇನ್ನಷ್ಟು ಗಟ್ಟಿ ಗಂಜಿ ಹಚ್ಚಿ ಕೊಡತೀನಿ."

ಸಂಗ್ಯಾ ಆ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡ. ಅಳುವುದರಲ್ಲಿಯೂ ಆ ಮಗ ನನಗಿಂತ ಮೊದಲು.